ರೆಕ್ಕೆಯ ದೇವತೆ, ಕಂಚಿನ ಕಾಸು: ಯಾವ ರೋಮನ್ ನಾಣ್ಯ ಕೊಳ್ಳಬೇಕು?

ರೋಮನ್ ನಾಣ್ಯ ಕೊಳ್ಳಲು ಹೊರಟವರು ಮೊದಲು ಕೇಳುವುದು ‘ಯಾವ ಚಕ್ರವರ್ತಿಯದ್ದು ತಗೊಳ್ಳಲಿ?’ ಎಂದು. ಕೇಳಲಿ, ತಪ್ಪೇನಿಲ್ಲ. ಆದರೆ ಚಕ್ರವರ್ತಿಗಳ ಮುಖ ಒಂದಷ್ಟು ನೋಡಿದ ಮೇಲೆ ಎಲ್ಲವೂ ಒಂದೇ ಥರ ಅನ್ನಿಸತೊಡಗುತ್ತವೆ. ಪಕ್ಕಕ್ಕೆ ತಿರುಗಿದ ತಲೆ, ಎಲೆಯ ಪಟ್ಟಿ, ಸುತ್ತ ಬಿರುದುಗಳ ಸಾಲು. ನಾಣ್ಯ ತಿರುಗಿಸಿ ನೋಡಿ. ಕಥೆ ಇರುವುದು ಹಿಂಬದಿಯಲ್ಲಿ. ಅಲ್ಲಿ ಹೆಚ್ಚು ಸಲ ಕಾಣಿಸುವವಳು ರೆಕ್ಕೆ ಇರುವ ಒಬ್ಬ ಹೆಣ್ಣು: ಗೆಲುವಿನ ದೇವತೆ ವಿಕ್ಟೋರಿಯಾ. ಗ್ರೀಕರು ಇವಳನ್ನು ನೈಕಿ ಅನ್ನುತ್ತಿದ್ದರು.

ಇವಳಿರುವ ಕಂಚಿನ ಕಾಸುಗಳು ಮೊದಲ ಚಕ್ರವರ್ತಿ ಆಗಸ್ಟಸ್ ಕಾಲದಿಂದ ಐದನೇ ಶತಮಾನದವರೆಗೂ ಬಂದಿವೆ. ಅಂಗೈ ತುಂಬುವ ದಪ್ಪ ನಾಣ್ಯವೂ ಇದೆ, ಬೆರಳ ಸಂದಿನಲ್ಲಿ ಜಾರಿ ಹೋಗುವ ಚೂರೂ ಇದೆ. ಬೆಲೆಯಲ್ಲೂ ಅಷ್ಟೇ ಅಂತರ. ಹಾಗಾಗಿ ಯಾವುದನ್ನು ಆರಿಸಬೇಕು ಅನ್ನುವುದು ನಿಜವಾದ ತಲೆನೋವೇ. ಅಂದಹಾಗೆ, ಆನ್‌ಲೈನಿನಲ್ಲಿ ಸುಮ್ನೆ ‘ವಿಕ್ಟೋರಿಯಾ ನಾಣ್ಯ’ ಅಂತ ಹುಡುಕಿದರೆ ಬ್ರಿಟಿಷ್ ರಾಣಿಯ ಕಾಲಾಣೆಗಳೇ ಸಾಲಾಗಿ ಬರುತ್ತವೆ. ಜೊತೆಗೆ ‘ರೋಮನ್’ ಅನ್ನುವ ಪದವನ್ನೋ ಚಕ್ರವರ್ತಿಯ ಹೆಸರನ್ನೋ ಸೇರಿಸಿ ಹುಡುಕಿ.

ನಾನು ಆರಿಸುವಾಗ ನೋಡುವುದು ಒಂದೇ: ಈ ನಾಣ್ಯದ ಮೇಲಿನ ಗೆಲುವಿಗೆ ಹೆಸರಿದೆಯಾ, ಇಲ್ಲವಾ? ಮೊದಲ ಎರಡು ಶತಮಾನಗಳ ದೊಡ್ಡ ನಾಣ್ಯಗಳಲ್ಲಿ ಹಲವು ‘ಇಂಥ ನಾಡನ್ನು ಗೆದ್ದೆವು’ ಎಂದು ಹೆಸರಿಟ್ಟು ಹೇಳುತ್ತವೆ. ನಾಲ್ಕನೇ ಶತಮಾನದ ಹೊತ್ತಿಗೆ ದೇವತೆ ಇದ್ದಾಳೆ, ಗೆಲುವು ಯಾವುದೆಂದು ಹೆಚ್ಚಾಗಿ ತಿಳಿಯದು. ಹೆಸರಿರುವ ಗೆಲುವು ದುಬಾರಿ. ಹೆಸರಿಲ್ಲದ ಗೆಲುವು ಅಗ್ಗ. ನಡುವೆ ಒಂದೆರಡು ಒಳ್ಳೆಯ ಅಪವಾದಗಳಿವೆ, ಜಾಣರು ಅಲ್ಲಿ ಕೈ ಇಡುತ್ತಾರೆ.

ಲೋಹ, ಅಳತೆ ಒಂದಿಷ್ಟು

ಎಲ್ಲವನ್ನೂ ‘ಕಂಚು’ ಅಂತ ಕರೆದರೂ ಎಲ್ಲವೂ ಕಂಚಲ್ಲ. ಕ್ರಿ.ಪೂ. 23ರ ಸುಮಾರಿಗೆ ಆಗಸ್ಟಸ್ ಸಣ್ಣ ಹಣವನ್ನೆಲ್ಲ ಹೊಸದಾಗಿ ಹೊಂದಿಸಿದ. ಸೆಸ್ಟರ್ಷಿಯಸ್ ಮತ್ತು ಡುಪಾಂಡಿಯಸ್ ಹಿತ್ತಾಳೆಯವು, ಅಂದರೆ ತಾಮ್ರಕ್ಕೆ ಸತು ಬೆರೆಸಿದ ಹಳದಿ ಲೋಹ. ಆಸ್ ಅನ್ನುವುದು ಬರೀ ತಾಮ್ರ. ನಾಲ್ಕು ಆಸ್‌ಗೆ ಒಂದು ಸೆಸ್ಟರ್ಷಿಯಸ್, ನಾಲ್ಕು ಸೆಸ್ಟರ್ಷಿಯಸ್‌ಗೆ ಒಂದು ಬೆಳ್ಳಿಯ ಡಿನೇರಿಯಸ್. ಸೆಸ್ಟರ್ಷಿಯಸ್ ಸುಮಾರು 25 ಗ್ರಾಂ ತೂಗುತ್ತದೆ, ಅಗಲ 32ರಿಂದ 35 ಮಿಲಿಮೀಟರ್. ಆಸ್ ನಮ್ಮ ಹತ್ತು ರೂಪಾಯಿ ನಾಣ್ಯದಷ್ಟು ಅಗಲ, ತೂಕ ಮಾತ್ರ ಜಾಸ್ತಿ, ಸುಮಾರು 10-11 ಗ್ರಾಂ. ಡುಪಾಂಡಿಯಸ್ ಕೂಡ ಹೆಚ್ಚುಕಡಿಮೆ ಅದೇ ಗಾತ್ರ. ಎರಡನ್ನೂ ಬೇರೆ ಮಾಡಲು ಚಕ್ರವರ್ತಿಯ ತಲೆ ನೋಡಿ. ನೀರೋ ನಂತರ ಡುಪಾಂಡಿಯಸ್‌ನಲ್ಲಿ ಸಾಮಾನ್ಯವಾಗಿ ಸೂರ್ಯಕಿರಣದ ಥರ ಮೊನೆಯಿರುವ ಕಿರೀಟ ಇರುತ್ತದೆ. ಆಸ್‌ನಲ್ಲಿ ಎಲೆಯ ಪಟ್ಟಿ ಅಥವಾ ಬರಿತಲೆ.

ಹಿಂಬದಿಯಲ್ಲಿ ದೊಡ್ಡದಾಗಿ ಎಸ್, ಸಿ ಎಂಬ ಎರಡು ಅಕ್ಷರ ಕಂಡರೆ ಅದು ‘ಸೆನೆಟಿನ ಆದೇಶದಂತೆ’ ಅನ್ನುವುದರ ಗುರುತು. ಮೂರನೇ ಶತಮಾನದವರೆಗೆ ರೋಮ್ ನಗರದ ತಾಮ್ರ-ಹಿತ್ತಾಳೆ ನಾಣ್ಯಗಳಲ್ಲಿ ಇದು ಇದ್ದೇ ಇರುತ್ತದೆ ಅನ್ನಬಹುದು. ಇನ್ನೊಂದು ಮಾತು: ಅವರು ‘ಯು’ ಅಕ್ಷರವನ್ನು ‘ವಿ’ ಥರ ಕೆತ್ತುತ್ತಿದ್ದರು. ಓದುವಾಗ ಗಲಿಬಿಲಿ ಬೇಡ.

ದೊಡ್ಡ ಸೆಸ್ಟರ್ಷಿಯಸ್: ಸೋತವರ ಹೆಸರೂ ಇರುವ ನಾಣ್ಯ

ಕ್ರಿ.ಶ. 70ರಲ್ಲಿ ವೆಸ್ಪಾಸಿಯನ್‌ನ ಮಗ ಟೈಟಸ್ ಜೆರುಸಲೇಮನ್ನು ಹಿಡಿದ. ಮರುವರ್ಷವೇ ಆ ಸುದ್ದಿ ಹಿತ್ತಾಳೆಗೆ ಏರಿತು. ‘ಯೂಡೇಯಾ ಕಾಪ್ಟಾ’, ಅಂದರೆ ಯೂದಾಯ ಸೆರೆಯಾಯಿತು ಎಂಬ ಬರಹದ ನಾಣ್ಯಗಳು ತುಂಬ ಹೆಸರುವಾಸಿ. ಖರ್ಜೂರದ ಮರದ ಕೆಳಗೆ ತಲೆ ತಗ್ಗಿಸಿ ಕೂತ ಹೆಂಗಸು, ಪಕ್ಕದಲ್ಲಿ ಕೈಕಟ್ಟಿದ ಸೆರೆಯಾಳು. ಅದೇ ಸರಣಿಯ ಇನ್ನೊಂದು ನಾಣ್ಯದಲ್ಲಿ ವಿಕ್ಟೋರಿಯಾ ಆ ಖರ್ಜೂರದ ಮರಕ್ಕೆ ಗುರಾಣಿ ತೂಗುಹಾಕಿ ಅದರ ಮೇಲೆ ಬರೆಯುತ್ತಿದ್ದಾಳೆ. ಮರದ ಬುಡದಲ್ಲಿ ಸೋತ ನಾಡು ಕೂತಿದೆ. ಗೆದ್ದವರ ದೇವತೆ ಲೆಕ್ಕ ಬರೆದುಕೊಳ್ಳುವ ಗುಮಾಸ್ತೆ ಆಗಿಬಿಟ್ಟಿದ್ದಾಳೆ. ನನಗೆ ಇಡೀ ರೋಮನ್ ನಾಣ್ಯಗಳಲ್ಲೇ ತೀರಾ ತಣ್ಣಗೆ ಕ್ರೂರವಾದ ಚಿತ್ರ ಅನ್ನಿಸುವುದು ಇದು.

ಈ ‘ಗುರಾಣಿಯ ಮೇಲೆ ಬರೆಯುವ ವಿಕ್ಟೋರಿಯಾ’ ಮುಂದಿನವರಿಗೂ ಹಿಡಿಸಿತು. ಟ್ರೇಜನ್ ಡೇಸಿಯಾ ಮೇಲೆ ಎರಡು ಸಲ ಯುದ್ಧ ಮಾಡಿದ, 101-102ರಲ್ಲಿ ಮತ್ತು 105-106ರಲ್ಲಿ. ಇಂದಿನ ರೊಮೇನಿಯಾದ ಕಡೆಯ ನಾಡು ಅದು. ಅವನ ನಾಣ್ಯದಲ್ಲಿ ದೇವತೆ ಗುರಾಣಿಯ ಮೇಲೆ ‘ವಿಕ್ ಡಾಕ್’, ಅಂದರೆ ಡೇಸಿಯಾ ಮೇಲಿನ ಗೆಲುವು ಎಂದು ಬರೆಯುತ್ತಾಳೆ. ರೋಮ್‌ನಲ್ಲಿ ಈಗಲೂ ನಿಂತಿರುವ ಟ್ರೇಜನ್ ಕಂಬದ ಕೆತ್ತನೆಯಲ್ಲೂ ಮೊದಲ ಯುದ್ಧ ಮುಗಿದು ಎರಡನೆಯದು ಶುರುವಾಗುವ ಜಾಗದಲ್ಲಿ ಗುರಾಣಿಗೆ ಬರೆಯುವ ಇದೇ ವಿಕ್ಟೋರಿಯಾ ಇದ್ದಾಳೆ. 166ರಲ್ಲಿ ಮಾರ್ಕಸ್ ಆರೇಲಿಯಸ್ ಹೊರಡಿಸಿದ ಸೆಸ್ಟರ್ಷಿಯಸ್‌ನಲ್ಲಿ ಗುರಾಣಿಯ ಮೇಲೆ ‘ವಿಕ್ ಪಾರ್’, ಇಂದಿನ ಇರಾನ್ ಕಡೆಯ ಪಾರ್ಥಿಯನ್ನರ ಮೇಲಿನ ಗೆಲುವು. ಈ ಮೂರನ್ನು ಹೋಲಿಸಿದರೆ ಸಿಗುವುದು ಸುಲಭ ಅಂದರೆ ಮಾರ್ಕಸ್ ಆರೇಲಿಯಸ್‌ನದು. ಟ್ರೇಜನ್‌ನದ್ದಕ್ಕೆ ಬೆಲೆ ಸ್ವಲ್ಪ ಏರು. ಯೂದಾಯದ್ದಕ್ಕೆ ಬೇಡಿಕೆ ವಿಪರೀತ. ಯಹೂದಿ ಮತ್ತು ಬೈಬಲ್ ಚರಿತ್ರೆಯ ಆಸಕ್ತರೆಲ್ಲ ಅದನ್ನೇ ಹುಡುಕುತ್ತಾರೆ. ಹೀಗಾಗಿ ಮುಖವೂ ಕಾಣದ ಸವೆದ ತುಣುಕಿಗೂ ಕೈ ಸುಡುವ ಬೆಲೆ. ಅದರ ನಕಲುಗಳೂ ಅಷ್ಟೇ ಜಾಸ್ತಿ.

ಬ್ರಿಟನ್ ಕಡೆ ಒಲವಿದ್ದರೆ ಕೊಮೋಡಸ್‌ನ 184-185ರ ಸೆಸ್ಟರ್ಷಿಯಸ್ ನೋಡಿ. ವಿಕ್ಟೋರಿಯಾ ಗುರಾಣಿಗಳ ರಾಶಿಯ ಮೇಲೆ ಕೂತಿದ್ದಾಳೆ, ಕೆಳಗೆ ‘ವಿಕ್ಟ್ ಬ್ರಿಟ್’. ಯುದ್ಧ ಮಾಡಿದ್ದು ಅವನ ಸೇನಾಪತಿ ಉಲ್ಪಿಯಸ್ ಮಾರ್ಸೆಲಸ್. ಕೊಮೋಡಸ್ ಬ್ರಿಟನ್ ಕಡೆ ಮುಖ ಕೂಡ ಹಾಕಿರಲಿಲ್ಲ, ಬಿರುದು ಮಾತ್ರ ಅವನಿಗೇ ಬಂತು. ಡೊಮಿಷಿಯನ್‌ನ ‘ಜರ್ಮಾನಿಯಾ ಕಾಪ್ಟಾ’ ಇನ್ನೂ ಮಜವಾದದ್ದು. ಅವನ ಜರ್ಮನ್ ಗೆಲುವಿನ ಮೆರವಣಿಗೆಯೇ ಬೋಗಸ್ ಎಂದು ಚರಿತ್ರೆಗಾರ ಟ್ಯಾಸಿಟಸ್ ಕುಟುಕಿದ್ದಾನೆ. ಗುಲಾಮರನ್ನು ಸಂತೆಯಲ್ಲಿ ಕೊಂಡು, ಕೂದಲು ಬಟ್ಟೆ ತಿದ್ದಿ ಸೆರೆಯಾಳುಗಳಂತೆ ತೋರಿಸಿದರಂತೆ. ನಾಣ್ಯ ಹೇಳಿದ್ದೆಲ್ಲ ನಂಬುವಂತಿಲ್ಲ ಅನ್ನುವುದಕ್ಕೆ ಆ ಕಾಲದವರದ್ದೇ ಸಾಕ್ಷಿ ಸಿಕ್ಕಂತಾಯಿತು.

ಸೆಸ್ಟರ್ಷಿಯಸ್ ಯಾರಿಗೆ ಸರಿ? ಒಂದೇ ನಾಣ್ಯ ಸಾಕು, ಅದು ಮೇಜಿನ ಮೇಲೆ ಇಟ್ಟರೆ ಬಂದವರೆಲ್ಲ ಕೈಗೆತ್ತಿಕೊಳ್ಳುವಂತಿರಬೇಕು ಅನ್ನುವವರಿಗೆ. ಆದರೆ ಒಂದು ಕಿವಿಮಾತು. ಇವು ದಿನದ ವ್ಯವಹಾರದಲ್ಲಿ ದಶಕಗಟ್ಟಲೆ ಓಡಾಡಿದ ನಾಣ್ಯಗಳು. ಎತ್ತರಕ್ಕೆ ಉಬ್ಬಿದ ಭಾಗವೇ ಮೊದಲು ಸವೆಯುತ್ತದೆ: ದೇವತೆಯ ಮುಖ, ಎದೆ, ಗುರಾಣಿಯ ಮೇಲಿನ ಅಕ್ಷರ. ಅಂದರೆ ನೀವು ಹಣ ಕೊಡುವುದು ಯಾವುದಕ್ಕೋ ಅದೇ ಮೊದಲು ಹೋಗಿರುತ್ತದೆ. ಗುರಾಣಿಯ ಅಕ್ಷರ ಓದಲು ಬಾರದ ಸೆಸ್ಟರ್ಷಿಯಸ್‌ಗೆ ದೊಡ್ಡ ಮೊತ್ತ ಸುರಿಯಬೇಡಿ. ಅಕ್ಷರ ಹೋದ ಮೇಲೆ ಅದು ಹೆಸರಿಲ್ಲದ ಗೆಲುವೇ. ಆ ದುಡ್ಡಿಗೆ ಕಣ್ಣು ಕೋರೈಸುವ ಸಣ್ಣ ನಾಣ್ಯ ನಾಲ್ಕಾರು ಬರುತ್ತವೆ.

ನೀರೋನ ಆಸ್: ನಡುದಾರಿ

ದೊಡ್ಡದು ದುಬಾರಿ, ಸಣ್ಣದು ಬೇಡ ಅನ್ನುವವರಿಗೆ ನನ್ನ ಸಲಹೆ ನೀರೋನ ತಾಮ್ರದ ಆಸ್. ಸುಮಾರು 65ರಿಂದ 67ರ ನಡುವೆ ಅಚ್ಚಾದದ್ದು. ವಿಕ್ಟೋರಿಯಾ ಎಡಕ್ಕೆ ಹಾರುತ್ತಿದ್ದಾಳೆ, ಕೈಯಲ್ಲೊಂದು ಗುರಾಣಿ, ಅದರ ಮೇಲೆ ‘ಎಸ್ ಪಿ ಕ್ಯೂ ಆರ್’. ‘ಸೆನೆಟ್ ಮತ್ತು ರೋಮಿನ ಜನ’ ಎಂಬುದರ ಮೊದಲಕ್ಷರಗಳು. ಕ್ರಿ.ಪೂ. 27ರಲ್ಲಿ ಸೆನೆಟ್ ಆಗಸ್ಟಸ್‌ಗೆ ಚಿನ್ನದ ಗುರಾಣಿಯೊಂದನ್ನು ಕೊಟ್ಟಿತ್ತು. ಆ ನೆನಪನ್ನು ನೀರೋ ತನ್ನ ಮೇಲೆ ಎಳೆದುಕೊಳ್ಳುತ್ತಿದ್ದಾನೆ. ಅವನು ಸ್ವತಃ ಒಂದೂ ಯುದ್ಧಕ್ಕೆ ಹೋದವನಲ್ಲ. ಪೂರ್ವದಲ್ಲಿ ಅವನ ಸೇನಾಪತಿ ಕಾರ್ಬುಲೊ ಅರ್ಮೇನಿಯಾದ ಗೋಜಲನ್ನು ಬಗೆಹರಿಸಿದ, 66ರಲ್ಲಿ ಅಲ್ಲಿನ ರಾಜ ತಿರಿಡೇಟಿಸ್ ರೋಮ್‌ಗೆ ಬಂದು ನೀರೋನ ಕೈಯಿಂದ ಕಿರೀಟ ತೊಟ್ಟ, ಅಷ್ಟೇ.

ಈ ನಾಣ್ಯದ ಗಟ್ಟಿತನ ಎಂದರೆ ಚಿತ್ರ ಸರಳ. ಬಯಲಲ್ಲಿ ಒಬ್ಬಳೇ ಹಾರುತ್ತಿರುವುದರಿಂದ ಸ್ವಲ್ಪ ಸವೆದರೂ ಆಕಾರ ಗೊತ್ತಾಗುತ್ತದೆ. ಮುಂಬದಿಯ ಮುಖವೂ ದಪ್ಪ ಕುತ್ತಿಗೆ, ಮಡಿಕೆ ಗಲ್ಲದ ನೀರೋನೇ, ಬೇರೆ ಯಾರೂ ಅಲ್ಲ. ರೋಮ್ ಮತ್ತು ಲುಗ್ಡುನಮ್ ಎರಡೂ ಕಡೆ ಅಚ್ಚಾಗಿದೆ. ಲುಗ್ಡುನಮ್ ಅಂದರೆ ಇಂದಿನ ಫ್ರಾನ್ಸಿನ ಲಿಯೋನ್. ಕುತ್ತಿಗೆಯ ಕೆಳತುದಿಯಲ್ಲಿ ಒಂದು ಪುಟ್ಟ ಗೋಳ ಅಂಟಿಕೊಂಡಿದ್ದರೆ ಅದು ಲುಗ್ಡುನಮ್ ಟಂಕಸಾಲೆಯದ್ದು. ಆಟ ಅನ್ನಿ, ಪತ್ತೇದಾರಿ ಅನ್ನಿ, ಇಂಥ ಗುರುತು ಹಿಡಿಯುವುದರಲ್ಲೇ ಅರ್ಧ ಖುಷಿ.

ಲುಗ್ಡುನಮ್‌ನಿಂದಲೇ ಬಂದ ಆಗಸ್ಟಸ್ ಮತ್ತು ಟೈಬೀರಿಯಸ್ ಕಾಲದ ಬಲಿಪೀಠದ ಆಸ್ ಕೂಡ ಇದೇ ಗುಂಪಿಗೆ ಸೇರಿಸಬಹುದು. ಪೀಠದ ಎರಡು ಬದಿಗೆ ಕಂಬ, ಕಂಬದ ಮೇಲೊಬ್ಬೊಬ್ಬ ವಿಕ್ಟೋರಿಯಾ. ಆದರೆ ಅಲ್ಲಿ ಅವಳು ತೀರಾ ಪುಟ್ಟವಳು, ಸವೆದರೆ ಎರಡು ಕಡ್ಡಿ ನಿಲ್ಲಿಸಿದಂತೆ ಕಾಣುತ್ತಾಳೆ. ದೇವತೆಗಾಗಿ ಕೊಳ್ಳುವುದಾದರೆ ಬೇಡ.

ಗ್ರೀಕ್ ಅಕ್ಷರದವು ಮತ್ತು ಮೂರನೇ ಶತಮಾನದವು

ಸಾಮ್ರಾಜ್ಯದ ಪೂರ್ವದಲ್ಲಿ ಊರೂರೂ ತನ್ನದೇ ಕಂಚಿನ ಕಾಸು ಹೊಡೆಯುತ್ತಿತ್ತು. ಬರಹ ಗ್ರೀಕ್. ಇಂದಿನ ಟರ್ಕಿಯ ನೈಸಿಯಾ, ಬಲ್ಗೇರಿಯಾದಲ್ಲಿರುವ ಇಸ್ಟ್ರಮ್ ಬಳಿಯ ನಿಕೋಪೊಲಿಸ್ ಇವುಗಳ ಸಣ್ಣ ಕಾಸುಗಳಲ್ಲಿ ನೈಕಿ ಸಿಗುತ್ತಾಳೆ. ನಿಕೋಪೊಲಿಸ್ ಟ್ರೇಜನ್ ತನ್ನ ಡೇಸಿಯಾ ಗೆಲುವಿನ ನೆನಪಿಗೆ ಕಟ್ಟಿಸಿದ ಊರು, ಹಾಗಾಗಿ ಅಲ್ಲಿ ಅವಳಿಗೆ ಜಾಗ ಸಹಜ. ಕೆತ್ತನೆಯ ಮಟ್ಟ ಊರಿಂದೂರಿಗೆ ಬೇರೆ. ಗುರುತು ಹಿಡಿಯಲು ತಾಳ್ಮೆ ಬೇಕು.

ಈ ಗುಂಪಿನಲ್ಲಿ ನನಗೆ ಇಷ್ಟ ಈಜಿಪ್ಟಿನ ಅಲೆಕ್ಸಾಂಡ್ರಿಯದ ಟೆಟ್ರಾಡ್ರಾಕ್ಮ್, ಅಂದರೆ ನಾಲ್ಕು ಡ್ರಾಕ್ಮದ ನಾಣ್ಯ. ಮೂರನೇ ಶತಮಾನದ ಕೊನೆಗೆ ಅದರಲ್ಲಿ ಬೆಳ್ಳಿ ಹೆಸರಿಗಷ್ಟೇ ಉಳಿದಿತ್ತು, ನೋಡಲು ದಪ್ಪ ಕಂದು ಗುಂಡಿ. ಆದರೆ ಅದರ ಮೇಲೆ ಚಕ್ರವರ್ತಿಯ ಆಳ್ವಿಕೆಯ ಎಷ್ಟನೇ ವರ್ಷ ಎಂದು ಗ್ರೀಕ್ ಅಕ್ಷರದಲ್ಲಿ ಬರೆದಿರುತ್ತದೆ. ಈಜಿಪ್ಟಿನ ವರ್ಷ ಆಗಸ್ಟ್ 29ಕ್ಕೆ ಶುರು. ಲೆಕ್ಕ ಹಾಕಿದರೆ ನಾಣ್ಯ ಯಾವ ವರ್ಷದ್ದೆಂದು ಖಚಿತವಾಗಿ ಹೇಳಬಹುದು. ಅಷ್ಟು ಕಡಿಮೆ ಬೆಲೆಗೆ ಅಷ್ಟು ನಿಖರ ತಾರೀಖು ಬೇರೆಲ್ಲೂ ಸಿಗಲಿಕ್ಕಿಲ್ಲ.

ಅದೇ ಕಾಲದ ರೋಮನ್ ಆಂಟೊನಿನಿಯಾನಸ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕ್ಯಾರಕಲ್ಲ 215ರಲ್ಲಿ ಬೆಳ್ಳಿ ನಾಣ್ಯವಾಗಿ ಶುರು ಮಾಡಿದ್ದು, 260ರ ದಶಕದ ಹೊತ್ತಿಗೆ ಬೆಳ್ಳಿ ನೀರು ಹಾಯಿಸಿದ ತಾಮ್ರವಾಗಿತ್ತು. ಗ್ಯಾಲಿಯೇನಸ್, ಎರಡನೇ ಕ್ಲಾಡಿಯಸ್ ಕಾಲದ ‘ವಿಕ್ಟೋರಿಯಾ ಆಗ್’ (ಚಕ್ರವರ್ತಿಯ ಗೆಲುವು) ನಾಣ್ಯಗಳು ರಾಶಿ ರಾಶಿ ಸಿಗುತ್ತವೆ. ಅವಸರದಲ್ಲಿ ಹೊಡೆದವು, ಅರ್ಧ ಬರಹ ಅಂಚಿನಿಂದಾಚೆ ಹೋಗಿರುತ್ತದೆ. ಕೊಳ್ಳಲೇಬೇಕು ಅಂದರೆ 274ರಲ್ಲಿ ಆರೇಲಿಯನ್ ಮಾಡಿದ ನಾಣ್ಯ ಸುಧಾರಣೆಯ ನಂತರದ್ದು ಕೊಳ್ಳಿ. ಪ್ರೋಬಸ್‌ನ ‘ವಿಕ್ಟೋರಿಯಾ ಜರ್ಮ್’ ಚೆನ್ನಾಗಿದೆ. ಅದರಲ್ಲಿ ದೇವತೆಯ ಬದಲು ಗೆದ್ದ ಆಯುಧಗಳನ್ನು ತೂಗುಹಾಕಿದ ಕಂಬ, ಅದರ ಬುಡದಲ್ಲಿ ಇಬ್ಬರು ಸೆರೆಯಾಳುಗಳು.

ಕಾನ್‌ಸ್ಟಂಟೈನ್ ಕಾಲ: ಮೊದಲ ನಾಣ್ಯಕ್ಕೆ ಇಲ್ಲಿ ಬನ್ನಿ

ಮೊದಲ ಸಲ ಕೊಳ್ಳುವವರು ಯಾರೇ ಕೇಳಲಿ, ನಾನು ಕಳಿಸುವುದು ನಾಲ್ಕನೇ ಶತಮಾನದ ಮೊದಲರ್ಧಕ್ಕೆ. ನಾಣ್ಯ ಸಣ್ಣದು, 17ರಿಂದ 20 ಮಿಲಿಮೀಟರ್, 3 ಗ್ರಾಂ ಆಸುಪಾಸು. ಆದರೆ ಹೂತಿಟ್ಟ ಗಡಿಗೆಗಳಲ್ಲಿ ಸಾವಿರಗಟ್ಟಲೆ ಸಿಕ್ಕಿರುವುದರಿಂದ ಸವೆಯದೆ ಉಳಿದವು ಬೇಕಾದಷ್ಟಿವೆ. ಹದಿನೇಳು ಶತಮಾನ ಹಳೆಯ ರೆಕ್ಕೆಯ ಒಂದೊಂದು ಗರಿ ಎಣಿಸುವಷ್ಟು ಸ್ಪಷ್ಟ. ಅಷ್ಟು ಸ್ಪಷ್ಟವಾದ ಸೆಸ್ಟರ್ಷಿಯಸ್ ಬೇಕೆಂದರೆ ನಮ್ಮಂಥವರ ಕೈಗೆ ನಿಲುಕುವುದಿಲ್ಲ.

ಇಲ್ಲಿ ಮೂರು ಬಗೆಯನ್ನು ಪಕ್ಕಪಕ್ಕ ಇಡಬೇಕು. ಮೊದಲನೆಯದು 318-320ರ ಸುಮಾರಿನ ‘ವಿಕ್ಟೋರಿಯೆ ಲೇಟೆ’. ಇಬ್ಬರು ವಿಕ್ಟೋರಿಯಾಗಳು ಎದುರುಬದುರು ನಿಂತು ಬಲಿಪೀಠದ ಮೇಲೆ ಗುರಾಣಿ ಹಿಡಿದಿದ್ದಾರೆ. ಗುರಾಣಿಯ ಮೇಲೆ ಹರಕೆಯ ಬರಹ. ಮುಂಬದಿಯಲ್ಲಿ ಎತ್ತರದ ಶಿರಸ್ತ್ರಾಣ ತೊಟ್ಟ ಕಾನ್‌ಸ್ಟಂಟೈನ್ ಸಿಕ್ಕರೆ ಬಿಡಬೇಡಿ, ಈ ಕಾಲದ ಅತಿ ಚಂದದ ಮುಖಗಳಲ್ಲಿ ಅದೂ ಒಂದು. ತೊಂದರೆ ಎಂದರೆ ಚಿತ್ರ ಕಿಕ್ಕಿರಿದಿದೆ. ಜೊತೆಗೆ ಗಡಿಯಾಚೆಯವರು, ಹಳ್ಳಿಯ ಕಳ್ಳ ಟಂಕಸಾಲೆಯವರು ಅದೇ ಕಾಲದಲ್ಲಿ ಮಾಡಿದ ಒರಟು ನಕಲುಗಳೂ ಬಹಳ. ಅವಕ್ಕೂ ಅವುಗಳದ್ದೇ ಅಭಿಮಾನಿಗಳಿದ್ದಾರೆ, ಆದರೆ ಮೊದಲ ನಾಣ್ಯವಾಗಿ ಬೇಡ.

ಎರಡನೆಯದು ‘ಸರ್ಮಾಷಿಯಾ ಡೆವಿಕ್ಟಾ’, 323-324. ಡ್ಯಾನ್ಯೂಬ್ ಆಚೆಯ ಸರ್ಮಾಷಿಯನ್ನರನ್ನು ಕಾನ್‌ಸ್ಟಂಟೈನ್ 322ರಲ್ಲಿ ಸೋಲಿಸಿದ್ದ. ವಿಕ್ಟೋರಿಯಾ ಬಲಕ್ಕೆ ನುಗ್ಗುತ್ತಿದ್ದಾಳೆ. ಒಂದು ಕೈಯಲ್ಲಿ ಗೆದ್ದ ಆಯುಧಗಳ ಕೋಲು, ಇನ್ನೊಂದರಲ್ಲಿ ಖರ್ಜೂರದ ಗರಿ, ಕಾಲಡಿ ಸೆರೆಯಾಳು. ಮೇಲೆ ಹೇಳಿದ ಅಪವಾದ ಇದೇ: ತಡವಾದ ಕಾಲದ ಅಗ್ಗದ ನಾಣ್ಯ, ಆದರೂ ಗೆಲುವಿಗೆ ಹೆಸರಿದೆ. ಸೋತವರ ಹೆಸರನ್ನು ಸುತ್ತಲೂ ದಪ್ಪಕ್ಷರದಲ್ಲಿ ಓದಬಹುದು. ಟ್ರಿಯರ್, ಲಿಯೋನ್, ಆರ್ಲ್, ಸಿರ್ಮಿಯಂ, ಲಂಡನ್ ಟಂಕಸಾಲೆಗಳಲ್ಲಿ ಹೊರಬಂದಿದೆ. ಟಂಕಸಾಲೆಯ ಗುರುತು ಚಿತ್ರದ ಕೆಳಗೆ ಗೆರೆಯಾಚೆ ಇರುತ್ತದೆ. ‘ಪಿ ಎಲ್ ಒ ಎನ್’ ಅಂದರೆ ಲಂಡನ್. ಆ ಟಂಕಸಾಲೆ 325ರ ಹೊತ್ತಿಗೆ ಬಾಗಿಲು ಹಾಕಿತು, ಬ್ರಿಟನ್ನಿನ ಸಂಗ್ರಹಕಾರರು ಅದನ್ನು ಬಿಡುವುದಿಲ್ಲ, ಹೀಗಾಗಿ ಬೆಲೆ ಹೆಚ್ಚು. ಊರು ಮುಖ್ಯ ಅಲ್ಲ ಅಂದರೆ ಟ್ರಿಯರ್ ತಗೊಳ್ಳಿ, ಕೆತ್ತನೆಯೂ ಚೆನ್ನ. ಕಾನ್‌ಸ್ಟಂಟೈನ್‌ನ ಮಗ ಕ್ರಿಸ್ಪಸ್‌ಗೆ ಸಿರ್ಮಿಯಂನಲ್ಲಿ ‘ಅಲಮಾನ್ನಿಯಾ ಡೆವಿಕ್ಟಾ’ (ಅಲಮಾನ್ನಿ ಎಂಬ ಜರ್ಮನ್ ಬುಡಕಟ್ಟಿನ ಮೇಲಿನ ಗೆಲುವು) ಹೊರಡಿಸಿದರು. ಅದು ಇಷ್ಟು ಸುಲಭಕ್ಕೆ ಸಿಗದು.

ಮೂರನೆಯದು 330ರಿಂದ ಬಂದ ‘ಕಾನ್‌ಸ್ಟಂಟಿನೋಪೊಲಿಸ್’. ಹೊಸ ರಾಜಧಾನಿಯ ಉದ್ಘಾಟನೆ ಆದದ್ದು 330ರ ಮೇ 11ರಂದು. ಮುಂಬದಿಯಲ್ಲಿ ಚಕ್ರವರ್ತಿಯೇ ಇಲ್ಲ, ಶಿರಸ್ತ್ರಾಣ ತೊಟ್ಟ ನಗರದೇವತೆ. ಹಿಂಬದಿಯಲ್ಲಿ ವಿಕ್ಟೋರಿಯಾ ಹಡಗಿನ ಮೂತಿಯ ಮೇಲೆ ಕಾಲಿಟ್ಟು, ಉದ್ದ ದಂಡ ಹಿಡಿದು, ಗುರಾಣಿಗೆ ಕೈ ಊರಿ ನಿಂತಿದ್ದಾಳೆ. ಹಿಂಬದಿಯಲ್ಲಿ ಟಂಕಸಾಲೆಯ ಗುರುತು ಬಿಟ್ಟರೆ ಬರಹವೇ ಇಲ್ಲ. 324ರಲ್ಲಿ ಕ್ರಿಸ್ಪಸ್ ಎದುರಾಳಿ ಚಕ್ರವರ್ತಿ ಲೈಸಿನಿಯಸ್‌ನ ನೌಕಾಪಡೆಯನ್ನು ಬಡಿದದ್ದನ್ನು ಆ ಹಡಗು ನೆನಪಿಸುತ್ತದೆ ಅನ್ನುವವರಿದ್ದಾರೆ. ಕ್ರಿಸ್ಪಸ್‌ನನ್ನು ಅಪ್ಪನೇ 326ರಲ್ಲಿ ಕೊಲ್ಲಿಸಿದ್ದ. ಹೆಸರು ಹೇಳಲಾಗದ ಗೆಲುವು ಅಂದರೆ ಇದು ತಾನೇ. ಇದರ ಜೋಡಿ ನಾಣ್ಯ ‘ಉರ್ಬ್ಸ್ ರೋಮಾ’, ಹಿಂಬದಿಯಲ್ಲಿ ತೋಳ ಮತ್ತು ಅವಳಿ ಮಕ್ಕಳು. ಜನ ತೋಳಕ್ಕೆ ಮುಗಿಬೀಳುತ್ತಾರೆ, ಹಾಗಾಗಿ ಅದೇ ಟಂಕಸಾಲೆಯ ಹಡಗಿನ ದೇವತೆ ಹೆಚ್ಚಾಗಿ ಸ್ವಲ್ಪ ಅಗ್ಗಕ್ಕೇ ಸಿಗುತ್ತಾಳೆ. ಕೊಳ್ಳುವಾಗ ತೂಕ ನೋಡಿ. 336ರ ಸುಮಾರಿಗೆ ತೂಕ ಸುಮಾರು ಎರಡೂವರೆ ಗ್ರಾಂನಿಂದ ಒಂದೂವರೆಗೆ ಇಳಿಯಿತು. ಮೊದಲಿನ ಭಾರದ್ದೇ ಚಂದ.

ಮೂರರಲ್ಲಿ ಒಂದೇ ಅಂದರೆ ನಾನು ಸರ್ಮಾಷಿಯಾ ಅನ್ನುತ್ತೇನೆ. ಮಕ್ಕಳಿಗೆ ತೋರಿಸಲು, ಉಡುಗೊರೆ ಕೊಡಲು ಆದರೆ ಹಡಗಿನದ್ದು.

347-348ರಲ್ಲಿ ಬಂದ, ಇಬ್ಬರು ವಿಕ್ಟೋರಿಯಾಗಳು ಹೂವಿನ ಬಳೆಯಂಥ ಎಲೆಹಾರ ಹಿಡಿದು ಎದುರು ನಿಂತಿರುವ ಸಣ್ಣ ಕಾಸು ರಾಶಿಗಟ್ಟಲೆ ಸಿಗುತ್ತದೆ. ಇಬ್ಬರು ಅಣ್ಣತಮ್ಮಂದಿರು, ಕಾನ್‌ಸ್ಟನ್ಸ್ ಮತ್ತು ಎರಡನೇ ಕಾನ್‌ಸ್ಟಾಂಷಿಯಸ್, ಆಗ ಆಳುತ್ತಿದ್ದರು, ಹಾಗಾಗಿ ದೇವತೆಯೂ ಇಬ್ಬರು ಅನ್ನಿಸುತ್ತದೆ. ಟಂಕಸಾಲೆಗಳ ಗುರುತು ಕಲಿಯಲು ಇದಕ್ಕಿಂತ ಅಗ್ಗದ ಪಾಠಪುಸ್ತಕ ಇಲ್ಲ. ಅದಾದ ಮೇಲೆ 350ರಲ್ಲಿ ಕಾನ್‌ಸ್ಟನ್ಸ್‌ನನ್ನು ಉರುಳಿಸಿದ ಮ್ಯಾಗ್ನೆಂಷಿಯಸ್ ಇನ್ನೂ ದೊಡ್ಡ ನಾಣ್ಯದಲ್ಲಿ ಇಬ್ಬರು ವಿಕ್ಟೋರಿಯಾಗಳನ್ನು ಹಾಕಿಸಿದ. 351ರಲ್ಲಿ ಮುರ್ಸಾದಲ್ಲಿ ಸೋತ, 353ರಲ್ಲಿ ತಾನೇ ಪ್ರಾಣ ಕಳೆದುಕೊಂಡ. ಅವನ ಕಿರೀಟವಿಲ್ಲದ ಬರಿತಲೆಯ ಮುಖ ಆ ಕಾಲದ ಒಂದೇ ಅಚ್ಚಿನ ಮುಖಗಳ ನಡುವೆ ಥಟ್ಟನೆ ಗೊತ್ತಾಗುತ್ತದೆ.

ಕೊನೆಯ ಕಾಲದ ಚೂರುಗಳು, ಮತ್ತು ನಮ್ಮ ಕಡೆಯ ನಂಟು

364ರಿಂದ 378ರವರೆಗೆ ವ್ಯಾಲೆಂಟಿನಿಯನ್, ವ್ಯಾಲೆನ್ಸ್ ಮತ್ತು ಗ್ರೇಷಿಯನ್ ಹೆಸರಲ್ಲಿ ಬಂದ ‘ಸೆಕ್ಯೂರಿಟಾಸ್ ರೈಪಬ್ಲಿಕೆ’ ನಾಣ್ಯದಲ್ಲಿ ವಿಕ್ಟೋರಿಯಾ ಎಡಕ್ಕೆ ನಡೆಯುತ್ತಿದ್ದಾಳೆ. ಬರಹದ ಅರ್ಥ ‘ರಾಜ್ಯ ಸುರಕ್ಷಿತ’. ಯಾರ ಮೇಲಿನ ಗೆಲುವು ಎಂಬ ಮಾತೇ ಇಲ್ಲ. 378ರ ಆಗಸ್ಟ್ 9ರಂದು ಏಡ್ರಿಯನೋಪಲ್‌ನಲ್ಲಿ ಗೋತ್ ಬುಡಕಟ್ಟಿನವರು ವ್ಯಾಲೆನ್ಸ್‌ನ ಸೇನೆಯನ್ನು ಪುಡಿಗಟ್ಟಿದರು, ಅವನ ಹೆಣ ಕೂಡ ಸಿಗಲಿಲ್ಲ. ಈ ಕಾಸು ಕೈಯಲ್ಲಿ ಹಿಡಿದಾಗ ಅದು ನೆನಪಾಗದೆ ಇರದು. ಬೆಲೆ ತೀರಾ ಕಡಿಮೆ, ಹೊರದೇಶದಿಂದ ತರಿಸಿದರೆ ಅಂಚೆ ಖರ್ಚೇ ನಾಣ್ಯಕ್ಕಿಂತ ಜಾಸ್ತಿ ಆಗಬಹುದು.

ಅದಕ್ಕಿಂತ ಸಣ್ಣದು ‘ಸಾಲುಸ್ ರೈಪಬ್ಲಿಕೆ’. 388ರಿಂದ ಐದನೇ ಶತಮಾನದ ಮೊದಲ ವರ್ಷಗಳವರೆಗೆ ಥಿಯೊಡೋಸಿಯಸ್, ಎರಡನೇ ವ್ಯಾಲೆಂಟಿನಿಯನ್, ಆರ್ಕೇಡಿಯಸ್, ಹೊನೋರಿಯಸ್ ಹೆಸರಲ್ಲಿ ಬಂದದ್ದು. 12-14 ಮಿಲಿಮೀಟರ್, ಒಂದು ಗ್ರಾಂಗಿಂತ ತುಸು ಹೆಚ್ಚು. ವಿಕ್ಟೋರಿಯಾ ಸೆರೆಯಾಳನ್ನು ದರದರ ಎಳೆದೊಯ್ಯುತ್ತಿದ್ದಾಳೆ, ಪಕ್ಕದಲ್ಲಿ ಕ್ರಿಸ್ತನ ಹೆಸರಿನ ಗುರುತು. ಇದೇ ಕಾಲದಲ್ಲಿ ರೋಮ್‌ನ ಸೆನೆಟ್ ಭವನದಿಂದ ಅವಳ ಬಲಿಪೀಠವನ್ನು ತೆಗೆಸಿದ್ದರು. 382ರಲ್ಲಿ ಗ್ರೇಷಿಯನ್ ಆಜ್ಞೆ ಹೊರಟಿತು, 384ರಲ್ಲಿ ಸೆನೆಟಿನ ಸದಸ್ಯ ಸಿಮ್ಮಕಸ್ ‘ವಾಪಸ್ ಇಡಿಸಿ’ ಎಂದು ಬೇಡಿಕೊಂಡ, ಮಿಲಾನಿನ ಬಿಷಪ್ ಆಂಬ್ರೋಸ್ ಅಡ್ಡ ನಿಂತ. ಪೀಠ ಹೋಯಿತು, ಕಾಸಿನ ಮೇಲಿಂದ ಮಾತ್ರ ಅವಳನ್ನು ಯಾರೂ ಇಳಿಸಲಿಲ್ಲ. ದೇವತೆಯಾಗಿ ಬಂದವಳು ಆರನೇ ಶತಮಾನದ ಚಿನ್ನದ ನಾಣ್ಯಗಳಲ್ಲಿ ಶಿಲುಬೆ ಹಿಡಿದ ದೇವದೂತನಿಗೆ ಜಾಗ ಬಿಟ್ಟುಕೊಟ್ಟಳು.

ದಕ್ಷಿಣ ಭಾರತದ ಕಡೆ ವಿಕ್ಟೋರಿಯಾ ಬಂದದ್ದು ಹೆಚ್ಚಾಗಿ ಈ ಕೊನೆಯ ಚೂರುಗಳ ಮೇಲೆಯೇ. ಕರ್ನಾಟಕದಲ್ಲಿ ಚಿತ್ರದುರ್ಗದ ಚಂದ್ರವಳ್ಳಿ, ಬೆಂಗಳೂರಿನ ಯಶವಂತಪುರ ಇಲ್ಲೆಲ್ಲ ಸಿಕ್ಕಿರುವ ರೋಮನ್ ನಾಣ್ಯ ಮೊದಲ ಶತಮಾನದ ಆಸುಪಾಸಿನ ಬೆಳ್ಳಿ ಡಿನೇರಿಯಸ್. ದಕ್ಷಿಣ ಭಾರತದಲ್ಲಿ ಹೆಚ್ಚು ಸಿಗುವ ಆಗಸ್ಟಸ್ ಮತ್ತು ಟೈಬೀರಿಯಸ್ ನಾಣ್ಯಗಳ ಹಿಂಬದಿಯಲ್ಲಿ ಆಗಸ್ಟಸ್‌ನ ಮೊಮ್ಮಕ್ಕಳಿದ್ದಾರೆ, ಕೂತ ಹೆಂಗಸಿದ್ದಾಳೆ, ರೆಕ್ಕೆಯವಳಿಲ್ಲ. ಮೆಣಸಿಗೆ ಬೆಲೆಯಾಗಿ ಬೆಳ್ಳಿ, ಚಿನ್ನ ತೂಗುತ್ತಿದ್ದ ಕಾಲದಲ್ಲಿ ಅವರ ಚಿಲ್ಲರೆ ಯಾರಿಗೆ ಬೇಕಿತ್ತು? ನಾಲ್ಕು-ಐದನೇ ಶತಮಾನದ ತಾಮ್ರದ ಸಣ್ಣ ಕಾಸು ಮಾತ್ರ ತಮಿಳುನಾಡಿನ ಕರೂರು, ಮಧುರೆ ಕಡೆ ಮತ್ತು ಶ್ರೀಲಂಕಾದಲ್ಲಿ ತುಂಬ ಸಿಕ್ಕಿವೆ. ಶ್ರೀಲಂಕಾದಲ್ಲಿ ಅವುಗಳ ಸ್ಥಳೀಯ ನಕಲುಗಳೂ ಆಗಿವೆ. ಚೆನ್ನೈಗೆ ಹೋದಾಗ ಎಗ್ಮೋರಿನ ಸರ್ಕಾರಿ ಮ್ಯೂಸಿಯಂನ ರೋಮನ್ ನಾಣ್ಯಗಳನ್ನು ನೋಡಿ ಬನ್ನಿ. ಕೊಳ್ಳುವ ಮುಂಚೆ ಕಣ್ಣು ಪಳಗುತ್ತದೆ.

ಅಸಲಿ, ನಕಲಿ, ರೋಗ

ದೊಡ್ಡ ಸೆಸ್ಟರ್ಷಿಯಸ್‌ಗೆ ನಕಲಿನ ಕಾಟ ಹದಿನಾರನೇ ಶತಮಾನದಿಂದಲೇ ಇದೆ. ಪಾಡುವಾ ಊರಿನ ಜೊವಾನ್ನಿ ದ ಕವಿನೊ ಮಾಡಿದ ಸೆಸ್ಟರ್ಷಿಯಸ್‌ಗಳು ಎಷ್ಟು ನಾಜೂಕೆಂದರೆ ಈಗ ಅವಕ್ಕೇ ಬೇರೆ ಸಂಗ್ರಹಕಾರರಿದ್ದಾರೆ. ಅವು ಬಿಡಿ, ಪೇಟೆಯಲ್ಲಿ ಓಡಾಡುವುದು ಎರಕದ ನಕಲು. ಅಂಚಿನಲ್ಲಿ ಸುತ್ತಲೂ ಜೋಡಣೆಯ ಗೆರೆ, ಮೇಲ್ಮೈಯಲ್ಲಿ ಸೂಜಿಮೊನೆಯಂಥ ಗುಳಿಗಳು, ಸಾಬೂನು ಕರಗಿದಂತೆ ಮೆತ್ತಗಾದ ಅಕ್ಷರ ಕಂಡರೆ ಕೈಬಿಡಿ. ಬೇರೆ ಬೇರೆ ಮಾರಾಟಗಾರರ ಬಳಿ ಒಂದೇ ಗೀರು, ಒಂದೇ ಅಂಚಿನ ಬಿರುಕು ಇರುವ ಎರಡು ನಾಣ್ಯ ಕಂಡರೂ ಅಷ್ಟೇ. ತೂಕ ಮತ್ತು ಚಿತ್ರವನ್ನು ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯ ಓಸಿಆರ್‌ಇ ಎಂಬ ಉಚಿತ ಜಾಲತಾಣದಲ್ಲಿ ಹೋಲಿಸಿ ನೋಡಬಹುದು.

ಇನ್ನೊಂದು ಮೋಸ ಸೂಕ್ಷ್ಮವಾದದ್ದು. ನಾಣ್ಯ ಅಸಲಿಯೇ, ಆದರೆ ಸವೆದ ರೆಕ್ಕೆಯನ್ನು ಈಗಿನವರು ಉಳಿಯಿಂದ ಮತ್ತೆ ಕೆತ್ತಿರುತ್ತಾರೆ. ವಿಕ್ಟೋರಿಯಾ ನಾಣ್ಯದಲ್ಲಿ ಇದು ವಿಶೇಷವಾಗಿ ಜಾಸ್ತಿ, ಏಕೆಂದರೆ ಗರಿಗಳ ಗೆರೆ ಎಳೆಯುವುದು ಸುಲಭ. ಅಕ್ಷರಗಳೆಲ್ಲ ಸವೆದು ಗರಿ ಮಾತ್ರ ಚೂಪಾಗಿದ್ದರೆ ಅನುಮಾನ ಪಡಿ. ಭೂತಗನ್ನಡಿಯಲ್ಲಿ ಗೆರೆಗಳ ಒಳಗೆ ಹಸಿರು ಪದರ ಮುಂದುವರಿದಿದೆಯಾ ನೋಡಿ.

ಆ ಹಸಿರು, ಕಂದು ಪದರವೇ ನಾಣ್ಯದ ಚರ್ಮ. ದಯವಿಟ್ಟು ಹುಣಸೆಹಣ್ಣು, ನಿಂಬೆರಸ ಹಾಕಿ ತಿಕ್ಕಬೇಡಿ. ಫಳಫಳ ಹೊಳೆಯುವ ಸೆಸ್ಟರ್ಷಿಯಸ್‌ಗೆ ಅರ್ಧ ಬೆಲೆಯೂ ಬಾರದು. ಆದರೆ ತಿಳಿಹಸಿರಿನ ಪುಡಿ ಕಂಡರೆ ಅದು ಬೇರೆ, ಅದನ್ನು ಕಂಚಿನ ರೋಗ ಅನ್ನುತ್ತಾರೆ. ಲೋಹದಲ್ಲಿ ಸೇರಿಕೊಂಡ ಕ್ಲೋರೈಡ್ ತೇವ ಸಿಕ್ಕಾಗ ಒಳಗಿಂದಲೇ ತಿನ್ನುತ್ತದೆ. ಹಲ್ಲುಕಡ್ಡಿಯಿಂದ ಕೆದಕಿ. ಗಟ್ಟಿಯಾಗಿದ್ದರೆ ಪದರ, ಪುಡಿಯಾಗಿ ಉದುರಿದರೆ ರೋಗ. ಡಿಸ್ಟಿಲ್ಡ್ ನೀರಿನಲ್ಲಿ ನೆನೆಸಿ, ನೀರು ಬದಲಿಸುತ್ತ ಹೋಗಿ, ಪೂರ್ತಿ ಒಣಗಿಸಿ, ಬೇರೆ ನಾಣ್ಯಗಳಿಂದ ದೂರ ಇಡಿ. ಮಂಗಳೂರು, ಕಾರವಾರದಂಥ ಕಡೆ ಮಳೆಗಾಲದಲ್ಲಿ ಡಬ್ಬಿಗೆ ಸಿಲಿಕಾ ಜೆಲ್ ಹಾಕುವುದು ಕಡ್ಡಾಯ ಅಂದುಕೊಳ್ಳಿ. ಮೆತ್ತನೆಯ ಪಿವಿಸಿ ಲಕೋಟೆಯಲ್ಲಿ ಇಡಲೇಬೇಡಿ, ಅದು ಅಂಟಂಟು ಹಸಿರು ಬಿಡುತ್ತದೆ.

ಕಾನೂನಿನ ವಿಷಯ ಎರಡು ಮಾತು. ‘ನದಿ ಪಾತ್ರದಲ್ಲಿ ಸಿಕ್ಕಿತು ಸಾರ್’ ಎಂದು ಯಾರಾದರೂ ಮಾರಲು ಬಂದರೆ ದೂರ ಇರಿ. 1878ರ ನಿಧಿ ಕಾಯ್ದೆಯಂತೆ ನೆಲದಲ್ಲಿ ಸಿಕ್ಕಿದ ನಿಧಿ ಹತ್ತು ರೂಪಾಯಿಗಿಂತ ಹೆಚ್ಚು ಬಾಳುವಂತಿದ್ದರೆ ಜಿಲ್ಲಾಧಿಕಾರಿಗೆ ತಿಳಿಸಲೇಬೇಕು. 1972ರ ಪುರಾವಸ್ತು ಕಾಯ್ದೆಯಲ್ಲಿ ನೂರು ವರ್ಷ ದಾಟಿದ ನಾಣ್ಯವೂ ಪುರಾವಸ್ತುವೇ. ಅದನ್ನು ದೇಶದಿಂದ ಹೊರಗೆ ಕಳಿಸಲು ಸಾಮಾನ್ಯ ಜನರಿಗೆ ಅವಕಾಶ ಇಲ್ಲ. ಅಂದರೆ ಹೊರದೇಶದ ಹರಾಜಿನಿಂದ ತರಿಸಿದ ಮೇಲೆ ‘ಇಷ್ಟ ಆಗಲಿಲ್ಲ, ವಾಪಸ್ ಕಳಿಸ್ತೀನಿ’ ಅನ್ನುವುದು ಸುಲಭ ಅಲ್ಲ. ಹಾಗಾಗಿ ಕೇಳಬೇಕಾದ್ದನ್ನೆಲ್ಲ ಕೊಳ್ಳುವ ಮುಂಚೆಯೇ ಕೇಳಿ. ಎರಡೂ ಬದಿಯ ದೊಡ್ಡ ಫೋಟೊ, ಅಂಚಿನ ಫೋಟೊ, ಗ್ರಾಂನಲ್ಲಿ ತೂಕ, ಹಿಂದೆ ಯಾರ ಸಂಗ್ರಹದಲ್ಲಿತ್ತು ಅನ್ನುವ ವಿವರ ಬೇಕು. ಬಿಲ್ಲು ಮತ್ತು ಕಸ್ಟಮ್ಸ್ ಚೀಟಿಯನ್ನು ನಾಣ್ಯದ ಜೊತೆಗೇ ಇಡಿ. ಮುಂದೆ ನೀವು ಇಲ್ಲೇ ಇನ್ನೊಬ್ಬರಿಗೆ ಕೊಡುವಾಗ ಮೊದಲು ಕೇಳುವುದೇ ಆ ಕಾಗದ.